ಓನರಮ್ಮನ ಎರಡು ಒಕ್ಕೂಟಗಳು

2008ರ ಆರ್ಥಿಕ ಕುಸಿತದಿಂದ ಡೆಟ್ರಾಯಿಟಿನ ಕಾರ್ಖಾನೆಗಳು ಒಂದೊಂದಾಗಿ ಶಿಫ್ಟ್ ಕಡಿಮೆ ಮಾಡುತ್ತಿದ್ದ ಆ ಚಳಿಗಾಲದಲ್ಲಿ ನನ್ನ ಕೆಲಸವೂ ಹೋಯಿತು. ಕಾರಿನ ಬ್ರೇಕಿನ ಬಿಡಿಭಾಗಗಳನ್ನು ಮಾಡುವ ಒಂದು ಕಂಪನಿಯಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ನಮ್ಮ ವಿಭಾಗವನ್ನೇ ಮುಚ್ಚಿಬಿಟ್ಟರು. ನನ್ನ ಗಂಡ ಆಸ್ಪತ್ರೆಯ ಲ್ಯಾಬಿನಲ್ಲಿದ್ದುದರಿಂದ ಮನೆ ನಡೆಯುವುದಕ್ಕೇನೂ ತೊಂದರೆಯಿರಲಿಲ್ಲ. ಆದರೆ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಬಡಾವಣೆಯಲ್ಲಿ ಮನೆ ಬಿಟ್ಟು ಮನೆಗೆ ಮಾರಾಟದ ಫಲಕ ನೆಟ್ಟಿದ್ದರು. ಹಗಲೆಲ್ಲ ಕಿಟಕಿಯಿಂದ ಅದನ್ನೇ ನೋಡುತ್ತ ಕೂರುವುದು ನನ್ನಿಂದಾಗಲಿಲ್ಲ. ಹಿಮ ಕರಗುವ ಹೊತ್ತಿಗೆ ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ ಒಂದು ಕೆಲಸ ಸಿಕ್ಕಿತು. ವಾರವೆಲ್ಲ ಅಲ್ಲಿ, ಶುಕ್ರವಾರ ಸಂಜೆ ಡ್ರೈವ್ ಮಾಡಿಕೊಂಡು ಮನೆಗೆ.

“ಐದು ತಾಸಿನ ಹಾದಿ. ಹೋಗಿ ಬಾ, ಮನಿ ನಾ ನೋಡ್ಕೋತೀನಿ,” ಎಂದ ನನ್ನ ಗಂಡ. ಅವನು ಧಾರವಾಡದವನು. ಏನೇ ಬಂದರೂ ಮೊದಲು ‘ಹೋಗಿ ಬಾ’ ಎಂದು, ಆಮೇಲೆ ಚಿಂತೆ ಮಾಡುವ ಸ್ವಭಾವ. ಹತ್ತು ವರ್ಷದ ಮಗಳು ಮಾತ್ರ, “ಸೋ ಯು ಲಿವ್ ಇನ್ ಟು ಸ್ಟೇಟ್ಸ್ ನೌ? ವಿಚ್ ಒನ್ ಈಸ್ ಯುವರ್ಸ್?” ಎಂದು ಕೇಳಿದಳು. ಈ ಮನೆ ಇರುವ ಮಿಷಿಗನ್ನೇ ಕಣೇ ಎಂದೆ.

ಡೌನರ್ಸ್ ಗ್ರೋವ್‌ನಲ್ಲಿ ರೈಲು ಹಳಿಗೆ ಹತ್ತಿರದ ಒಂದು ಇಟ್ಟಿಗೆ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಮನೆಯವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಶಾಲೆಯ ಟೀಚರ್ ಆಗಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೆಳ್ಳಗೆ ಮೊಟಕು ಕೂದಲು, ನೆಟ್ಟಗಿನ ಬೆನ್ನು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ಅಡುಗೆಮನೆ ತೋರಿಸುತ್ತ ಅವರು ನನ್ನ ಊರು ಕೇಳಿದರು.

“ಇಂಡಿಯಾ,” ಎಂದೆ.

“ಅದು ಒಕ್ಕೂಟ. ಅದರೊಳಗೆ ನಿಮ್ಮದು ಯಾವುದು?”

“ಮೈಸೂರು.”

“ಮೈಸೂರು ಯಾವಾಗ ಸೇರಿದ್ದು? ನೀವಾಗಿ ಸೇರಿದ್ರಾ, ಅವರಾಗಿ ಸೇರಿಸ್ಕೊಂಡ್ರಾ?”

ಅಮೆರಿಕಕ್ಕೆ ಬಂದ ಇಷ್ಟು ವರ್ಷಗಳಲ್ಲಿ ಕರಿಬೇವು, ಜಾತಿ, ಆನೆ ಎಲ್ಲದರ ಬಗ್ಗೆ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗೆ ಸರಿಯಾಗಿ ಗೊತ್ತೂ ಇರಲಿಲ್ಲ. “ಬೇಸಿಗೆಯಲ್ಲಿ ನನ್ನ ಅಪ್ಪ ಬರ್ತಾರೆ, ಅವರನ್ನೇ ಕೇಳಿ,” ಎಂದುಬಿಟ್ಟೆ.

ಅವರು ಯಾಕೆ ಹಾಗೆ ಕೇಳಿದರು ಎಂದು ತಿಳಿಯಲು ಕೆಲವು ವಾರ ಹಿಡಿಯಿತು. ಅವರು ಹುಟ್ಟಿದ್ದು ಲಿಥುವೇನಿಯಾದಲ್ಲಿ. ಯುದ್ಧ ನಡೆಯುತ್ತಿದ್ದಾಗ, ಸೋವಿಯತ್ ಸೇನೆ ಎರಡನೆಯ ಸಲ ದೇಶದೊಳಕ್ಕೆ ಬರುತ್ತಿದೆ ಎಂದು ಗೊತ್ತಾದಾಗ, ಅವರ ತಂದೆ ಅವರನ್ನು ಒಂದು ಕುದುರೆಗಾಡಿಯಲ್ಲಿ ಹೊದಿಕೆಗಳ ನಡುವೆ ಕೂರಿಸಿಕೊಂಡು ಪಶ್ಚಿಮಕ್ಕೆ ಹೊರಟರು. ತಂಗಿ ಇನ್ನೂ ಹಾಲು ಕುಡಿಯುವ ಕೂಸು, ಮೈ ಸುಡುವ ಜ್ವರ. ಹಾಗಾಗಿ ತಾಯಿ ಕೂಸಿನ ಜೊತೆ ಹಿಂದೆ ಉಳಿದರು, ಜ್ವರ ಇಳಿದ ಮೇಲೆ ಬರುತ್ತೇವೆ ಎಂದರು. ಅಷ್ಟರಲ್ಲಿ ಗಡಿ ಮುಚ್ಚಿಕೊಂಡಿತು. ಅಪ್ಪ ಮಗಳು ಜರ್ಮನಿಯ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಶಿಕಾಗೋಗೆ ಬಂದರು. ಆ ಕಡೆ ತಾಯಿಯನ್ನೂ ತಂಗಿಯನ್ನೂ ಒಳಗಿಟ್ಟುಕೊಂಡು ದೇಶಕ್ಕೆ ದೇಶವೇ ಸೋವಿಯತ್ ಒಕ್ಕೂಟದೊಳಕ್ಕೆ ಹೋಯಿತು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಮತ್ತೆ ನೋಡಿದ್ದು ಆ ಒಕ್ಕೂಟ ಒಡೆದು ಲಿಥುವೇನಿಯಾ ಮತ್ತೆ ಸ್ವತಂತ್ರವಾದ ಮೇಲೆ. ಆಗ ಇಬ್ಬರಿಗೂ ತಲೆ ನರೆತಿತ್ತು, ತಾಯಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಅದು ಸುಖಾಂತ್ಯವೇ. ಆದರೆ ಸ್ವತಂತ್ರವಾದ ಹತ್ತು ಹನ್ನೆರಡು ವರ್ಷಕ್ಕೆ ಲಿಥುವೇನಿಯಾ ಯುರೋಪಿಯನ್ ಒಕ್ಕೂಟವನ್ನು ಸೇರಬೇಕೋ ಬೇಡವೋ ಎಂದು ಜನಮತ ಕೇಳಿತು. ಹೊರದೇಶದಲ್ಲಿರುವ ನಾಗರಿಕರೂ ಮತ ಹಾಕಬಹುದಿತ್ತು. ಇವರು ಶಿಕಾಗೋದ ದೂತಾವಾಸಕ್ಕೆ ಹೋಗಿ ‘ಬೇಡ’ ಎಂದು ಮತ ಹಾಕಿ ಬಂದರು. ಅಲ್ಲಿ ತಂಗಿ ‘ಬೇಕು’ ಎಂದು ಹಾಕಿದರು.

“ಒಂದು ಒಕ್ಕೂಟದಿಂದ ಬಿಡಿಸ್ಕೊಳ್ಳೋಕೆ ನಮಗೆ ಐವತ್ತು ವರ್ಷ ಬೇಕಾಯ್ತು,” ಎಂದರು ಒಂದು ಸಂಜೆ, ಪಾತ್ರೆ ಒರೆಸುತ್ತ. “ಉಸಿರು ಬಿಡೋಷ್ಟರಲ್ಲಿ ಇನ್ನೊಂದರ ಬಾಗಿಲು ತಟ್ಟೋಕೆ ಹೊರಟರು. ಇವರ ಕಾನೂನು ಬ್ರಸೆಲ್ಸ್‌ನಲ್ಲಿ ಆಗೋದಾದ್ರೆ ಮಾಸ್ಕೋ ಏನು ತಪ್ಪು ಮಾಡಿತ್ತು? ಫೋನಿನಲ್ಲಿ ಅದನ್ನೇ ಹೇಳಿದೆ. ಅದಕ್ಕೆ ಅವಳು, ‘ಅಮೆರಿಕದಲ್ಲಿ ಕೂತ್ಕೊಂಡು ನಮ್ಮ ಬಾಗಿಲು ಹಾಕ್ಬೇಡ’ ಅಂದಳು. ನಾನು ಫೋನ್ ಇಟ್ಟೆ.”

ಆಮೇಲೆ ಕ್ರಿಸ್‌ಮಸ್ಸಿಗೊಂದು ಕಾರ್ಡು ಬಿಟ್ಟರೆ ಇಬ್ಬರಿಗೂ ಮಾತಿರಲಿಲ್ಲ.

ಜೂನ್‌ನಲ್ಲಿ ಅಪ್ಪ ಬಂದರು. ವಿದ್ಯುಚ್ಛಕ್ತಿ ಮಂಡಳಿಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದ ಅವರಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಮಿಷಿಗನ್ನಿನಲ್ಲಿ ಹಗಲು ಗಂಡ ಆಸ್ಪತ್ರೆಗೆ, ಮಗಳು ಬೇಸಿಗೆ ಶಿಬಿರಕ್ಕೆ ಹೋದರೆ ಅಪ್ಪ ಒಬ್ಬರೇ. ನಡೆದು ಹೋಗಲು ಅಂಗಡಿಯೂ ಇಲ್ಲ. ಡೌನರ್ಸ್ ಗ್ರೋವ್‌ನಲ್ಲಾದರೆ ಸ್ಟೇಷನ್ನಿದೆ, ಲೈಬ್ರರಿಯಿದೆ, ಮರದ ನೆರಳಿನ ಫುಟ್‌ಪಾತ್ ಇದೆ. ಕೆಳಗಿನ ಸಣ್ಣ ರೂಮು ಖಾಲಿಯಿತ್ತು. ಮನೆಯವರನ್ನು ಕೇಳಿದೆ, ಅವರು ಒಪ್ಪಿದರು. ಹೀಗೆ ಅಪ್ಪ ವಾರದ ದಿನಗಳಲ್ಲಿ ನನ್ನ ಜೊತೆ ಇರತೊಡಗಿದರು. ಬಂದ ಮರುದಿನವೇ ಆಕೆಗೆ ‘ಓನರಮ್ಮ’ ಎಂದು ಹೆಸರಿಟ್ಟರು. ಎದುರಿಗೆ ‘ಮೇಡಂ’, ನನ್ನ ಹತ್ತಿರ ಓನರಮ್ಮ. ಅವರು ಅಪ್ಪನನ್ನು ‘ಮಿಸ್ಟರ್ ಇಂಜಿನಿಯರ್’ ಎನ್ನುತ್ತಿದ್ದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಇಬ್ಬರೂ ಹಿತ್ತಲಿನ ಕುರ್ಚಿಗಳಲ್ಲಿ ಕೂತು ಯಾವುದೋ ದೇಶದ ಬಜೆಟ್ಟನ್ನು ಬಿಡಿಸಿ ಹರವಿಕೊಂಡಿರುತ್ತಿದ್ದರು. ಒಂದು ಶನಿವಾರ ಮಿಷಿಗನ್ನಿಗೆ ಹೋಗದೆ ಓನರಮ್ಮನನ್ನೂ ಕರೆದುಕೊಂಡು ಶಿಕಾಗೋದ ಡೆವನ್ ಅವೆನ್ಯೂಗೆ ಹೋಗಿದ್ದೆವು. ಒಂದೇ ಬೀದಿಯಲ್ಲಿ ಭಾರತದ ಅಂಗಡಿ ಪಾಕಿಸ್ತಾನದ ಅಂಗಡಿ ಗೋಡೆಗೆ ಗೋಡೆ ತಾಗಿಸಿಕೊಂಡಿರುವುದನ್ನು ನೋಡಿ ಓನರಮ್ಮ, “ಇವರ ನಡುವೆ ಗಡಿಯೆಲ್ಲಿ?” ಎಂದು ಕೇಳಿದರು. ಅಪ್ಪ, “ಪಾರ್ಕಿಂಗಿಗೆ ಜಗಳ ಆಗೋವಾಗ ಕಾಣುತ್ತೆ,” ಎಂದರು.

ಜುಲೈನ ಒಂದು ಸಂಜೆ ಫೋನ್ ಬಂತು. ಓನರಮ್ಮ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು, ಅಪ್ಪ ಎದುರಿಗೆ ಕೂತು ಸುಲಿಯಲು ಕೈಜೋಡಿಸಿದ್ದರು, ನಾನು ಒಲೆಯ ಹತ್ತಿರ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫೋನಿನಲ್ಲಿದ್ದವಳು ತಂಗಿಯ ಮಗಳು. ಓನರಮ್ಮ ತಮ್ಮ ಭಾಷೆಯಲ್ಲಿ ಒಂದೆರಡು ಮಾತಾಡಿ, ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಫೋನ್ ಇಟ್ಟರು. ಆಮೇಲೆ ನಮಗೆ ಹೇಳಿದರು. ಆ ಹುಡುಗಿಗೆ ಕೌನಾಸ್ ಊರಿನಲ್ಲಿದ್ದ ಕೆಲಸ ಹೋಗಿದೆ, ಸ್ವೀಡನ್ನಿಗೆ ಹೋಗಿ ವೃದ್ಧರ ಆಸ್ಪತ್ರೆಯೊಂದರಲ್ಲಿ ಸೇರಿಕೊಂಡಿದ್ದಾಳೆ. ಅವಳ ತಾಯಿ ಈಗ ಮನೆಯಲ್ಲಿ ಒಬ್ಬರೇ. ಅಮೆರಿಕಕ್ಕೆ ಬರಲು ಲಿಥುವೇನಿಯಾದವರಿಗೆ ಈಗ ವೀಸಾ ಬೇಕಿಲ್ಲ. ಅಕ್ಕನನ್ನು ನೋಡಲು ಬರಬೇಕೆಂದಿದ್ದಾರೆ. ಬರಲೇ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ, ಮಗಳಿಂದ ಕೇಳಿಸಿದ್ದಾರೆ.

“ನೀವೇನು ಹೇಳಿದ್ರಿ?” ಎಂದೆ.

“ಯೋಚಿಸ್ತೀನಿ ಅಂದೆ. ಬಂದು ಏನು ಮಾಡ್ತಾಳೆ? ಜಗಳ ಅಷ್ಟೆ. ನೋಡು, ಅವಳ ಒಕ್ಕೂಟ ಅವಳ ಮಗಳನ್ನೇ ತಗೊಂಡು ಹೋಯ್ತು.”

ಅಪ್ಪ ಬಟಾಣಿಯ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. “ಮೇಡಂ, ನೀವು ನನ್ನ ಮಗಳನ್ನ ಮೈಸೂರಿನ ಬಗ್ಗೆ ಕೇಳಿದ್ರಂತೆ. ಅವಳಿಗೆ ಗೊತ್ತಿಲ್ಲ. ನಾನು ಹೇಳ್ತೀನಿ,” ಎಂದರು.

ಆ ಸಂಜೆ ಅಪ್ಪ ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದ್ದು. ಅದುವರೆಗೂ ಕನ್ನಡದಲ್ಲಿ ನನಗೆ ಹೇಳದಿದ್ದ ಮನೆಯ ಕಥೆಯನ್ನು ಅವರು ಇಂಗ್ಲಿಷಿನಲ್ಲಿ ಆಕೆಗೆ ಹೇಳಿದರು. ನಾನು ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ನಮ್ಮ ತಾತ ಅರಮನೆಯ ಕಚೇರಿಯೊಂದರಲ್ಲಿ ಗುಮಾಸ್ತರು. ಮಹಾರಾಜರೆಂದರೆ ಅವರಿಗೆ ದೇವರ ಮನೆಯ ಪಟಗಳ ಸಾಲಿನಲ್ಲಿ ಒಬ್ಬರು. ಬ್ರಿಟಿಷರು ಹೊರಡುವ ಕಾಲ ಬಂದಾಗ ಮೈಸೂರಿನಲ್ಲಿ ಎರಡು ಮಾತು ನಡೆಯುತ್ತಿತ್ತಂತೆ. ಭಾರತ ಒಕ್ಕೂಟಕ್ಕೆ ಪೂರ್ತಿಯಾಗಿ ಸೇರಬೇಕು, ಅರಮನೆ ನೇಮಿಸಿದ ಸರ್ಕಾರ ಹೋಗಿ ಜನರ ಸರ್ಕಾರ ಬರಬೇಕು ಎನ್ನುವವರು ಬೀದಿಯಲ್ಲಿದ್ದರು. ನಮಗೆ ನಮ್ಮದೇ ರೈಲು, ನಮ್ಮದೇ ವಿದ್ಯುತ್ತು, ನಮ್ಮದೇ ವಿಶ್ವವಿದ್ಯಾಲಯ ಇದೆ, ಎಲ್ಲೋ ದೂರದ ದಿಲ್ಲಿಗೆ ಯಾಕೆ ತಲೆ ಬಾಗಬೇಕು ಎನ್ನುವವರು ಮನೆಯೊಳಗಿದ್ದರು. ತಾತ ಎರಡನೆಯವರು. ಅಪ್ಪ ಆಗ ಹೈಸ್ಕೂಲಿನ ಹುಡುಗ. ಶಾಲೆ ಬಿಟ್ಟು ಮೆರವಣಿಗೆಗೆ ಹೋಗಿ, ಗಂಟಲು ಕಟ್ಟುವ ತನಕ ಘೋಷಣೆ ಕೂಗಿ, ಲಾಠಿ ಏಟು ತಿಂದು ಮನೆಗೆ ಬಂದರು.

“ನಮ್ಮಪ್ಪ ಬಾಗಿಲಲ್ಲೇ ನಿಂತಿದ್ರು,” ಎಂದರು ಅಪ್ಪ. “ಹೊಡೀಲಿಲ್ಲ, ಬೈಲಿಲ್ಲ. ‘ಇನ್ನು ಇವನ ಹತ್ರ ನನಗೆ ಮಾತಿಲ್ಲ’ ಅಂತ ಅಮ್ಮನಿಗೆ ಹೇಳಿ ಒಳಗೆ ಹೋದ್ರು. ಅವತ್ತಿಂದ ಮಾತೆಲ್ಲ ಅಮ್ಮನ ಮೂಲಕ. ಒಂದೇ ಪಂಕ್ತೀಲಿ ಊಟಕ್ಕೆ ಕೂತಿರ್ತಿದ್ವಿ, ‘ಅವನಿಗೆ ಮಜ್ಜಿಗೆ ಬೇಕಾ ಕೇಳು’ ಅನ್ನೋರು. ವರ್ಷಗಟ್ಟಲೆ.”

“ಯಾರು ಗೆದ್ದದ್ದು?” ಎಂದರು ಓನರಮ್ಮ.

“ನಾವೇ. ಮೈಸೂರು ಸೇರಿತು, ಜನರ ಸರ್ಕಾರ ಬಂತು. ನಮ್ಮಪ್ಪನ ಕಚೇರೀಲಿ ಅರ್ಧ ಮೇಜು ಖಾಲಿ ಆದವು. ಅವರಿಗೆ ಅದೊಂದು ಸಾವು. ನಾನು ಗೆದ್ದೆ ಅಂತ ಮನೇಲಿ ಹೇಳ್ಕೊಳ್ಳೋ ಹಾಗೇ ಇರ್ಲಿಲ್ಲ. ಆಮೇಲೆ ಮೊದಲ ಚುನಾವಣೆ ಬಂತು. ಅರಸರ ಕಾಲದಲ್ಲೂ ಒಂದು ಸಭೆ ಇತ್ತು, ಆದ್ರೆ ಓಟು ಇದ್ದದ್ದು ಜಮೀನು, ತೆರಿಗೆ ಇರೋರಿಗೆ. ನಮ್ಮಪ್ಪನಿಗೆ ಯಾವತ್ತೂ ಇರ್ಲಿಲ್ಲ. ಅವತ್ತು ಬೆಳಗ್ಗೆ ಜರಿ ಪೇಟ ಸುತ್ಕೊಂಡು, ಕರೀ ಕೋಟು ಹಾಕ್ಕೊಂಡು, ದರ್ಬಾರಿಗೆ ಹೋಗೋ ಹಾಗೆ ಹೊರಟ್ರು. ನಮ್ಮ ಮನೆಗೆ ನೀರು ಹೊತ್ತು ತರ್ತಿದ್ದ ಹೆಂಗಸಿನ ಹಿಂದೆ ಸಾಲಲ್ಲಿ ನಿಂತು ಓಟು ಹಾಕಿದ್ರು. ಮನೆಗೆ ಬಂದು ಸೀದಾ ನನ್ನ ಮುಂದೆ ಬಂದು ನಿಂತು, ಮಸಿ ಹಚ್ಚಿದ ಬೆರಳು ತೋರಿಸಿ, ‘ನನ್ನನ್ನೂ ಕೇಳಿದ್ರು ಕಣೋ’ ಅಂದ್ರು. ನನ್ನ ಹತ್ರ ಆಡಿದ ಮೊದಲನೇ ಮಾತು ಅದು.”

‘ಕಣೋ’ ಮಾತ್ರ ಅಪ್ಪ ಕನ್ನಡದಲ್ಲೇ ಹೇಳಿದರು. ಅದಕ್ಕೆ ಇಂಗ್ಲಿಷಿನಲ್ಲಿ ಏನೂ ಸಿಗಲಿಲ್ಲ ಎಂದು ಕಾಣುತ್ತದೆ. ಓನರಮ್ಮ ಅದೇನು ಎಂದು ಕೇಳಲೂ ಇಲ್ಲ.

“ಅವರು ಯಾರಿಗೆ ಓಟು ಹಾಕಿದ್ರು?” ಎಂದರು ಓನರಮ್ಮ.

“ನನ್ನ ಪಾರ್ಟಿಗೆ ವಿರುದ್ಧ,” ಎಂದರು ಅಪ್ಪ. “ಸಾಯೋ ತನಕ ವಿರುದ್ಧವೇ ಹಾಕಿದ್ರು. ದಿಲ್ಲಿಯನ್ನ ಬೈಯದ ದಿನ ಇಲ್ಲ. ಆದ್ರೆ ಬೈತಿದ್ದದ್ದು ನನ್ನ ಹತ್ರ.”

ಓನರಮ್ಮ ಎದ್ದು ಬಟಾಣಿ ತೊಳೆದರು. “ಸೋವಿಯತ್ತಿನವರು ನಮ್ಮನ್ನ ಕೇಳಲಿಲ್ಲ ಮಿಸ್ಟರ್ ಇಂಜಿನಿಯರ್. ಕೇಳಿದ ಹಾಗೆ ನಾಟಕ ಆಡಿದ್ರು,” ಎಂದರು. ಬೆನ್ನು ನಮ್ಮ ಕಡೆಗಿತ್ತು. “ಎರಡನೇ ಒಕ್ಕೂಟದವರು ಕೇಳಿದ್ರು, ನಿಜ. ನಾನು ಬೇಡ ಅಂದೆ. ಮಿಕ್ಕವರು ಬೇಕು ಅಂದ್ರು.”

“ಸೋತಿರಿ,” ಎಂದರು ಅಪ್ಪ, ಸಲೀಸಾಗಿ. “ಸೋತವರು ಫೋನ್ ಇಡಬೇಕು ಅಂತ ಎಲ್ಲಿದೆ?”

ಬಾಡಿಗೆಗೆ ಇರುವವರು ಹೀಗೆ ಮಾತಾಡಬಹುದೇ! ಆದರೆ ಓನರಮ್ಮ ನಕ್ಕುಬಿಟ್ಟರು. ಮರುದಿನ ಬೆಳಗ್ಗೆ ನಾನು ಆಫೀಸಿಗೆ ಹೊರಡುವಾಗ ಅವರು ಸ್ವೀಡನ್ನಿಗೆ ಫೋನ್ ಮಾಡುತ್ತಿದ್ದರು. “ಬರಲಿ ಅಂತ ಹೇಳ್ದೆ,” ಎಂದರು ನನಗೆ. “ರಾಜಕೀಯ ಮಾತಾಡಬಾರದು ಅಂತಾನೂ ಹೇಳ್ದೆ.”

“ಆಗೋ ಮಾತಾ ಅದು?” ಎಂದರು ಅಪ್ಪ ಕನ್ನಡದಲ್ಲಿ.

ಆಗಸ್ಟಿನಲ್ಲಿ ತಂಗಿ ಬಂದರು. ವಿಮಾನ ನಿಲ್ದಾಣಕ್ಕೆ ನಾನೇ ಕಾರು ಓಡಿಸಿದೆ. ಬಾಗಿಲಿನಿಂದ ಹೊರಬಂದವರಲ್ಲಿ ಅವರು ಯಾರು ಎಂದು ನಮಗೆ ಯಾರೂ ಹೇಳಬೇಕಾಗಲಿಲ್ಲ. ಅದೇ ನೆಟ್ಟಗಿನ ಬೆನ್ನು, ನೆಲವನ್ನು ಒತ್ತಿ ಇಡುವ ಅದೇ ಹೆಜ್ಜೆ. ಸ್ವಲ್ಪ ಗಿಡ್ಡ, ಸ್ವಲ್ಪ ದಪ್ಪ, ತಲೆಗೆ ಹೂವಿನ ಸ್ಕಾರ್ಫು. ಅಕ್ಕತಂಗಿಯರು ಕೆನ್ನೆಗೆ ಕೆನ್ನೆ ತಾಗಿಸಿ, ಕೂಡಲೇ ದೂರ ನಿಂತರು. ಕಾರಿನಲ್ಲಿ ಹವಾಮಾನದ ಮಾತು ನಡೆಯಿತು ಎಂದು ಓನರಮ್ಮ ಆಮೇಲೆ ಹೇಳಿದರು. ನಮಗಂತೂ ಒಂದು ಅಕ್ಷರವೂ ಅರ್ಥವಾಗಲಿಲ್ಲ. ತಂಗಿಗೆ ಅವರ ಭಾಷೆ ಬಿಟ್ಟರೆ ರಷ್ಯನ್ ಬರುತ್ತಿತ್ತು, ಇಂಗ್ಲಿಷ್ ಇಲ್ಲ.

ನಾಲ್ಕೈದು ದಿನ ಮನೆಯಲ್ಲಿ ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. ತಂಗಿ ಒಂದು ದಿನ ಬೀಟ್‌ರೂಟಿನ ತಣ್ಣನೆಯ ಸಾರು ಮಾಡಿದರು. ಗುಲಾಬಿ ಬಣ್ಣ, ಮೇಲೆ ಸೌತೆಕಾಯಿ, ಸಬ್ಬಸಿಗೆ ಸೊಪ್ಪು. ಅಪ್ಪನ ಬಟ್ಟಲಿಗೆ ಮೊಟ್ಟೆ ಹಾಕದೆ ಕೊಟ್ಟರು. ಅಪ್ಪ ರುಚಿ ನೋಡಿ, “ಹುಳಿ ಮೊಸರು ಕಣೇ. ನಮ್ಮ ಪಚಡಿ ಥರಾನೇ ಇದೆ,” ಎಂದು ಎರಡನೇ ಸಲ ಹಾಕಿಸಿಕೊಂಡರು. ಆ ಖುಷಿಯಲ್ಲಿ, ಓನರಮ್ಮನ ಮೂಲಕ ಒಂದು ಪ್ರಶ್ನೆ ಕೇಳಿದರು: ಈ ರಿಸೆಶನ್‌ನಲ್ಲಿ ನಿಮ್ಮಲ್ಲಿ ಹೇಗಿದೆ?

ತಂಗಿ ಚಮಚ ಕೆಳಗಿಟ್ಟು ಹೇಳತೊಡಗಿದರು. ಓನರಮ್ಮ ಒಂದೊಂದು ವಾಕ್ಯವನ್ನೂ ಇಂಗ್ಲಿಷಿಗೆ ತಂದು ನಮಗೆ ಹೇಳುತ್ತ ಹೋದರು. ಸಂಬಳ ಕಡಿಮೆ ಮಾಡಿದ್ದಾರೆ, ಪಿಂಚಣಿಗೂ ಕತ್ತರಿ. ಅವರ ಬೀದಿಯಲ್ಲಿ ಯುವಕರೇ ಇಲ್ಲ. ಇಷ್ಟು ಹೇಳಿದ ಮೇಲೆ ಓನರಮ್ಮ ತಡೆಯಲಾರದೆ ತಮ್ಮದೂ ಒಂದು ಮಾತು ಸೇರಿಸಿದರು. ಏನೆಂದು ಅವರ ಮುಖವೇ ಹೇಳುತ್ತಿತ್ತು: ನಾನು ಆವತ್ತೇ ಹೇಳಲಿಲ್ಲವೇ?

ತಂಗಿಯ ದನಿ ಏರಿತು. ಅದೂ ಕೊನೆಯ ಬೆಂಚಿಗೆ ಕೇಳಿಸುವ ದನಿಯೇ.

“ಏನಂತೆ?” ಎಂದರು ಅಪ್ಪ.

“ನಾನು ಮೂರ್ಖಳಂತೆ,” ಎಂದರು ಓನರಮ್ಮ. “ಹೇಳಿದ್ದನ್ನ ಹಾಗೇ ಹೇಳ್ತಿದೀನಿ, ನೋಡಿ. ಹಳೇ ಒಕ್ಕೂಟದಲ್ಲಿ ಅವಳು ಪಕ್ಕದ ದೇಶ ನೋಡಬೇಕಂದ್ರೂ ಅಪ್ಪಣೆ ಬೇಡಬೇಕಿತ್ತಂತೆ. ನನಗೆ ಒಂದು ಫೋನ್ ಮಾಡೋಕೂ ಮೇಲಿನವರು ಬಿಡಬೇಕಿತ್ತಂತೆ. ನಮ್ಮ ಬಾವುಟ ಅವಳು ಹಾಸಿಗೆಯೊಳಗೆ ಹೊಲಿದು ಇಟ್ಟಿದ್ದಳಂತೆ. ಆಮೇಲೆ ಬಿಡುಗಡೆ ಬೇಕು ಅಂತ ರಸ್ತೆ ಉದ್ದಕ್ಕೂ ಜನ ಕೈ ಕೈ ಹಿಡಿದು ನಿಂತಾಗ ಅವಳೂ ನಿಂತಿದ್ದಳು, ಮಗಳನ್ನ ಪಕ್ಕಕ್ಕೆ ನಿಲ್ಲಿಸ್ಕೊಂಡು. ಸ್ವಾತಂತ್ರ್ಯ ಅಂದ್ರೇನು ಅಂತ ಶಿಕಾಗೋದಿಂದ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಂತೆ.”

ಇಷ್ಟು ಹೇಳಿ ಓನರಮ್ಮ ತಂಗಿಯ ಕಡೆ ತಿರುಗಿ ಏನೋ ಕೇಳಿದರು. ನಮಗೂ ಹೇಳಿದರು: “ನಾನು ಕೇಳಿದೆ, ಎಲ್ಲರೂ ಹೊರಟುಹೋದರೆ ಆ ಸ್ವತಂತ್ರ ದೇಶದಲ್ಲಿ ಉಳಿಯೋರು ಯಾರು ಅಂತ.”

ತಂಗಿಯ ಉತ್ತರ ಚಿಕ್ಕದಿತ್ತು. ಓನರಮ್ಮ ಅದನ್ನು ಹೇಳಲಿಲ್ಲ. ಬಟ್ಟಲಿನ ಗುಲಾಬಿ ಸಾರನ್ನು ನೋಡುತ್ತ ಕೂತರು. ಕೊನೆಗೆ, “‘ನೀನೂ ಹೊರಟುಹೋದವಳೇ’ ಅಂದಳು,” ಎಂದರು.

ತಂಗಿಗೆ ತಾನು ಅಂದದ್ದು ಇಂಗ್ಲಿಷಾಗುವುದು ಕೇಳಿಸಿತು. ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಅವರು ಎದ್ದು ಮೇಜು ಸುತ್ತಿ ಬಂದು ಅಕ್ಕನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು, ಕೂದಲಿನ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಮಾತಾಡಿದರು. ಅದನ್ನು ಯಾರೂ ನಮಗೆ ಅನುವಾದಿಸಲಿಲ್ಲ. ಅಪ್ಪ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾವಿಬ್ಬರೂ ಬಟ್ಟಲು ಹಿಡಿದುಕೊಂಡು ಹಿತ್ತಲಿಗೆ ಹೋದೆವು.

“ಅಪ್ಪ, ನನಗ್ಯಾಕೆ ತಾತನ ಕಥೆ ಹೇಳಿರ್ಲಿಲ್ಲ?” ಎಂದೆ.

“ನೀನು ಕೇಳ್ಲಿಲ್ಲ,” ಎಂದರು. ಆಮೇಲೆ, “ನನಗೂ ಮರೆತೇ ಹೋಗಿತ್ತು ಕಣೇ. ಯಾರಿಗೂ ಬೇಕಿಲ್ಲದ ವಿಷಯ ಅನ್ಕೊಂಡಿದ್ದೆ,” ಎಂದರು.

ಮನೆಯಲ್ಲಿ ಜಗಳ ಆ ದಿನವೇ ನಿಂತಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಬೆಳಗ್ಗೆ ಕಾಫಿಗೇ ಶುರುವಾಯಿತು. ಆದರೆ ಅದು ಬೇರೆ ಥರದ ಜಗಳ. ನಡುನಡುವೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡುವ ಜಗಳ.

ಆ ವಾರಾಂತ್ಯ ಇಬ್ಬರನ್ನೂ ಮಿಷಿಗನ್ನಿಗೆ ಕರೆದುಕೊಂಡು ಬಾ ಎಂದು ನನ್ನ ಗಂಡ ಒತ್ತಾಯ ಮಾಡಿದ. ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು, ಮುಂದೆ ಅಪ್ಪ. ರಾಜ್ಯದ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ ಎಂದು ಹೇಳಿದಾಗ ತಂಗಿ, ಆ ಗಂಟೆಯನ್ನು ಯಾರು ತೆಗೆದುಕೊಳ್ಳುತ್ತಾರೆ, ಶಿಕಾಗೋದವರೋ ಡೆಟ್ರಾಯಿಟಿನವರೋ ಎಂದು ಅಕ್ಕನಿಂದ ಕೇಳಿಸಿದರು.

ರಾತ್ರಿ ಊಟಕ್ಕೆ ಗಂಡ ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ ಪಲ್ಯ ಮಾಡಿದ್ದ. ಮಾತು ಮತ್ತೆ ಮೈಸೂರಿಗೆ ಬಂತು. ಓನರಮ್ಮ ಮೆರವಣಿಗೆಯ ಕಥೆಯನ್ನು ನನ್ನ ಗಂಡನಿಗೆ ಹೇಳುತ್ತಿದ್ದರೆ ಅವನು ಅಪ್ಪನ ಕಡೆ ನೋಡಿ ನಗತೊಡಗಿದ.

“ಏನ್ರೀ ಮಾವಾರ, ದಿಲ್ಲಿ ಜೋಡಿ ಕೂಡ್ಬೇಕು ಅಂತ ಬಡಿಗಿ ಏಟು ತಿಂದ್ರಿ. ಒಂಬತ್ತು ವರ್ಷ ಬಿಟ್ಟು ನಾವು ಧಾರವಾಡದವ್ರು ನಿಮ್ಮ ಜೋಡಿ ಕೂಡ್ತೀವಿ ಅಂದ್ರ ಬಾಗಲಾ ಹಾಕ್ಕೊಂಡ್ರಂತ? ನಮ್ಮ ಅಪ್ಪಾ ಇನ್ನೂ ಹೇಳ್ತಾರ.”

ಅಪ್ಪ ಪೆಚ್ಚಾದರು. ಕರ್ನಾಟಕ ಒಂದಾಗುವಾಗ ಹಳೇ ಮೈಸೂರಿನ ಹಲವರು ಬೇಡವೆಂದಿದ್ದು ನನಗೂ ಗೊತ್ತಿತ್ತು. ಅಪ್ಪನೂ ಆ ಹಲವರಲ್ಲೊಬ್ಬರೆಂದು ಗೊತ್ತಿರಲಿಲ್ಲ.

“ಆಗ ಹಾಗೆ ಅನ್ನಿಸಿತ್ತಪ್ಪಾ,” ಎಂದರು. “ನಮ್ಮ ನೀರು, ನಮ್ಮ ಕರೆಂಟು ಎಲ್ಲ ಹೋಗಿಬಿಡುತ್ತೆ, ನಮ್ಮ ಮೈಸೂರು ಅನ್ನೋದೇ ಇರಲ್ಲ ಅನ್ಕೊಂಡ್ವಿ. ನಮ್ಮಪ್ಪ ಹೇಳಿದ್ದನ್ನೇ ನಾನೂ ಹೇಳ್ತಿದ್ದೆ, ಗೊತ್ತೇ ಆಗ್ಲಿಲ್ಲ.”

“ಈಗೇನಂತೀರಿ?”

“ಈಗ ಮಗಳನ್ನೇ ಕೊಟ್ಟಿದೀನಲ್ಲ! ಇನ್ನೊಂದು ರೊಟ್ಟಿ ಹಾಕು.”

ನಾನು ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಓನರಮ್ಮ ಅದನ್ನು ತಂಗಿಗೆ ಹೇಳಿದರು. ನಗು ಮೂರು ಭಾಷೆ ದಾಟಿ ಹೋಗಿ ತಡವಾಗಿ ವಾಪಸು ಬಂತು. ಮಗಳು, “ವೇಟ್, ಸೋ ಡ್ಯಾಡ್ಸ್ ಸೈಡ್ ಆ್ಯಂಡ್ ಮಾಮ್ಸ್ ಸೈಡ್ ವರ್ ಡಿಫರೆಂಟ್ ಕಂಟ್ರೀಸ್?” ಎಂದು ಕಣ್ಣರಳಿಸಿದಳು. “ಹೌದವ್ವಾ, ಮಾತು ಕೇಳಿದ್ರ ಗೊತ್ತಾಗೂದಿಲ್ಲೇನು?” ಎಂದ ಅವಳ ಅಪ್ಪ.

ಮರುದಿನ ಡೆಟ್ರಾಯಿಟಿನ ನದಿ ತೀರಕ್ಕೆ ಹೋದೆವು. ಬೀದಿಯಲ್ಲಿ ಹಲಗೆ ಹೊಡೆದ ಅಂಗಡಿಗಳಿದ್ದವು. ಆದರೆ ನದಿಯ ಪಕ್ಕದ ಹೊಸ ನಡೆದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಒಬ್ಬ ಮುದುಕ ಗಾಳ ಹಾಕಿಕೊಂಡು ಕೂತಿದ್ದ. ಎದುರು ದಡ ಕೆನಡಾ. ಸೇತುವೆಯ ಮೇಲೆ ಲಾರಿಗಳು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯುತ್ತಿದ್ದವು. ತಂಗಿ ಅದನ್ನು ಬಹಳ ಹೊತ್ತು ನೋಡಿ ಏನೋ ಹೇಳಿದರು.

“ಅವರಲ್ಲಿ ಈಗ ಪಕ್ಕದ ಪೋಲೆಂಡಿಗೆ ಹೋಗೋಕೆ ಹೀಗೆ ನಿಲ್ಲೋ ಹಾಗಿಲ್ಲವಂತೆ. ಕಾವಲಿನವರೇ ಇಲ್ಲವಂತೆ,” ಎಂದರು ಓನರಮ್ಮ. ಅವರ ಮುಖದಲ್ಲಿ ನಂಬಿಕೆಯಿರಲಿಲ್ಲ. “ನಾನು ಕೇಳಿದೆ, ಕಾವಲಿಲ್ಲದಿದ್ದರೆ ನಿನ್ನ ದೇಶ ಎಲ್ಲಿ ಮುಗೀತು ಅಂತ ಹೇಗೆ ಗೊತ್ತಾಗುತ್ತೆ ಅಂತ.”

“ಏನಂದ್ರು?”

“ಬೋರ್ಡಿನ ಮೇಲಿನ ಭಾಷೆ ಬದಲಾಗುತ್ತಂತೆ. ಅಷ್ಟು ಸಾಕಂತೆ ಅವಳಿಗೆ.” ಓನರಮ್ಮ ಕೈಕಟ್ಟಿಕೊಂಡು ನದಿಯನ್ನು ನೋಡಿದರು. “ನಾನು ದಾಟಿದಾಗ ಅಪ್ಪ ನನ್ನ ಬಾಯಿ ಮುಚ್ಚಿ ಹಿಡಿದಿದ್ದರು, ಕೆಮ್ಮಬಾರದು ಅಂತ. ಅವಳು ಹೇಳೋ ಗಡಿ ಯಾವುದು ಅಂತ ನನಗೆ ಗೊತ್ತೇ ಆಗ್ತಿಲ್ಲ.”

“ಹೋಗಿ ನೋಡ್ರಿ ಹಂಗಾರ,” ಎಂದ ನನ್ನ ಗಂಡ, ಕನ್ನಡದಲ್ಲೇ. ಆಮೇಲೆ ಇಂಗ್ಲಿಷಿನಲ್ಲೂ ಹೇಳಿದ.

ತಂಗಿ ಸೆಪ್ಟೆಂಬರಿನಲ್ಲಿ ವಾಪಸು ಹೋದರು. ಅಪ್ಪನೂ ಚಳಿ ಶುರುವಾಗುವ ಮೊದಲು ಮೈಸೂರಿಗೆ ಹೊರಟರು. ಆ ಚಳಿಗಾಲ ಪ್ರತಿ ಭಾನುವಾರ ಫೋನಿನಲ್ಲಿ ಅಕ್ಕತಂಗಿಯರ ವಾದ ನಡೆಯಿತು. ನಾನು ಸೋಮವಾರ ಬಂದಾಗ ಓನರಮ್ಮ ಅದರ ವರದಿ ಒಪ್ಪಿಸುತ್ತಿದ್ದರು. ಯುರೋಪಿಯನ್ ಒಕ್ಕೂಟದ ಗ್ರೀಸ್ ಸಾಲದಲ್ಲಿ ಮುಳುಗಿದ ಸುದ್ದಿ ಬರತೊಡಗಿದ ಮೇಲಂತೂ ಅವರ ಉತ್ಸಾಹ ಹೇಳತೀರದು. ಮುಂದಿನ ಬೇಸಿಗೆಯ ಹೊತ್ತಿಗೆ ಮಿಷಿಗನ್ನಿನಲ್ಲಿ ಮತ್ತೆ ಜನರನ್ನು ಕೆಲಸಕ್ಕೆ ಕರೆಯತೊಡಗಿದರು. ಬ್ಯಾಟರಿಯ ಕಾರುಗಳ ಕೆಲಸಕ್ಕೆ ಅಪ್ಲೈ ಮಾಡಿದ್ದೆ, ಸಿಕ್ಕಿತು. ನಾನು ಮಹಡಿಯ ಕೋಣೆ ಖಾಲಿ ಮಾಡಿದ ವಾರವೇ ಓನರಮ್ಮ ಕೌನಾಸಿಗೆ, ತಂಗಿಯ ಮನೆಗೆ, ಹೊರಟರು.

ಅಲ್ಲಿಂದ ಒಂದು ಬೆಳಗ್ಗೆ ನನಗೆ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಯಾರೋ ನಗುವ ಸದ್ದು. ರಜಕ್ಕೆ ಸ್ವೀಡನ್ನಿನಿಂದ ಬಂದಿದ್ದ ತಂಗಿಯ ಮಗಳು ಇಬ್ಬರನ್ನೂ ಪೋಲೆಂಡಿನ ಕಡೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದಳಂತೆ. ಕಾವಲಿನ ಗೂಡು ಖಾಲಿ ಬಿದ್ದಿತ್ತು, ಅದರ ಕಿಟಕಿಯ ಗಾಜಿಲ್ಲ, ಒಳಗೆ ಹುಲ್ಲು ಬೆಳೆದಿತ್ತು. ಕಾರು ನಿಧಾನ ಕೂಡ ಮಾಡದೆ ದಾಟಿಬಿಟ್ಟಿತು.

“ನಾನು ನಿಲ್ಲಿಸು ಅಂದೆ,” ಎಂದರು ಓನರಮ್ಮ. “ಇಳಿದು, ನಡೆದು ವಾಪಸ್ ಹೋದೆ. ಆಮೇಲೆ ಮತ್ತೆ ನಡೆದು ಈ ಕಡೆ ಬಂದೆ. ಯಾರೂ ಏನೂ ಕೇಳಲಿಲ್ಲ. ನನ್ನ ತಂಗಿ ರಸ್ತೆ ಮಧ್ಯೆ ನಿಂತು ನಗ್ತಾ ಇದಾಳೆ.”

“ಹಾಗಾದ್ರೆ ಈಗ ಕೇಳಿದ್ರೆ ಬೇಕು ಅಂತೀರಾ?” ಎಂದೆ.

“ಇಲ್ಲ,” ಎಂದರು ಕೂಡಲೇ. “ಬೇಡ ಅಂತಲೇ ಹಾಕ್ತೀನಿ. ನಿಮ್ಮ ಅಪ್ಪನಿಗೂ ಹೇಳು. ಕಾನೂನು ನಮ್ಮ ಮನೇಲೇ ಆಗಬೇಕು. ಆದ್ರೆ ಈ ಗೂಡು ಹೀಗೇ ಇರಲಿ.”

ಅಷ್ಟರಲ್ಲಿ ತಂಗಿ ಫೋನ್ ಕಿತ್ತುಕೊಂಡು, ನಮ್ಮ ಜೊತೆಗಿದ್ದಾಗ ಕಲಿತ ಒಂದೆರಡು ಇಂಗ್ಲಿಷ್ ಪದಗಳಲ್ಲಿ ಅಪ್ಪ ಹೇಗಿದ್ದಾರೆ, ಮಗಳು ಹೇಗಿದ್ದಾಳೆ ಎಂದು ಕೂಗಿ ಕೇಳಿದರು. ನಾನೂ ಕೂಗಿಯೇ ಉತ್ತರ ಕೊಟ್ಟೆ. ಪಕ್ಕದ ಕೋಣೆಯಿಂದ ಮಗಳು ಬಂದು, ಯಾರ ಹತ್ತಿರ ಜಗಳ ಆಡುತ್ತಿದ್ದೀಯಾ ಎನ್ನುವಂತೆ ನನ್ನನ್ನು ನೋಡುತ್ತ ನಿಂತಳು.